ಒಂಬತ್ತನೆಯ ಮೊಳೆ

ಮೈಸೂರು ಮೈನ್ಸ್‌ನಲ್ಲಿ ಚಿನ್ನದ ಮೈನು ನಿಂತು ಇಪ್ಪತ್ತನಾಲ್ಕು ವರ್ಷವಾಯಿತು. ಊರಿನ ಹೆಸರು ಮಾತ್ರ ನಿಲ್ಲದೆ ನಡೆಯುತ್ತಿದೆ. ಆಟೋದವರು ಅದನ್ನೇ ಕೂಗುತ್ತಾರೆ, ರೇಷನ್ ಕಾರ್ಡಿನಲ್ಲಿ ಅದೇ ಇದೆ, ಲಗ್ನಪತ್ರಿಕೆಯಲ್ಲೂ ಅದೇ. ಹೊರಗಿನಿಂದ ಬಂದವರು ಇದನ್ನು ಕಂಡು ಮರುಗುವುದುಂಟು. ಚಲಪತಿ ಮರುಗುವುದಿಲ್ಲ.

"ಸ್ವೀಡನ್‌ನಾಗೂ ಇಂಗೇ ಸಾರ್," ಎನ್ನುತ್ತಾನೆ. "ಅಲ್ಲಿ ಮಿನಾ ಅನ್ನೋ ಮಾತು ಐತೆ. ಆದ್ರೆ ಗಣಿಗೆ ಅಂಗನ್ನಲ್ಲ, ಬೇರೆ ಮಾತು. ಮಿನಾ ಅಂದ್ರೆ ಕಾಲಿಟ್ರೆ ಸಿಡಿಯೋದು ಅಷ್ಟೇ. ಹೆಸರು ಇಲ್ಲಿ, ಗಣಿ ಇನ್ನೆಲ್ಲೋ."

ಬಂದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅರವತ್ತೆರಡು ವರ್ಷದ, ಪಂಚೆ ಮೇಲೆ ಬನಿಯನ್ ಹಾಕಿದ, ಕೈಯಲ್ಲಿ ಹಾಲಿನ ಪಾತ್ರೆ ಹಿಡಿದ ಮನುಷ್ಯ ಸ್ವೀಡನ್ನಿನ ವಿಷಯ ಎತ್ತಿದರೆ ಯಾರಿಗಾದರೂ ಹಾಗೆ ಆಗುತ್ತದೆ. ಆಮೇಲೆ ಅವನು ಅವರನ್ನು ಮನೆಯೊಳಗೆ ಕರೆದು ಹಲಗೆ ತೋರಿಸುತ್ತಾನೆ.

ಹಲಗೆ ಎರಡು ಅಡಿ ಉದ್ದ, ಒಂದಡಿ ಅಗಲ. ಅದರಲ್ಲಿ ಒಂಬತ್ತು ಮೊಳೆಗಳು. ಎಂಟು ಮೊಳೆಗಳಿಗೆ ಒಂದೊಂದು ಹಿತ್ತಾಳೆ ಬಿಲ್ಲೆ ನೇತುಬಿದ್ದಿದೆ. ಬಿಲ್ಲೆಯ ಮೇಲೆ ಸುತ್ತಿಗೆಯಿಂದ ಹೊಡೆದು ಮೂಡಿಸಿದ ಒಂದು ಭಾಷೆಯ ಹೆಸರು, ಕೆಳಗೆ ಅಂಟಿಸಿದ ಚೀಟಿಯಲ್ಲಿ ಆ ಭಾಷೆಯಲ್ಲಿ 'ಮೈನ್' ಎನ್ನುವ ಮಾತಿನ ರೂಪ, ಅದು ಗಂಡೋ ಹೆಣ್ಣೋ, ಹಲವಾದರೆ ಏನಾಗುತ್ತದೆ, ಏನೇನು ಅರ್ಥ ಎಂಬುದು. ಬರವಣಿಗೆ ದುಂಡಗಿದೆ. ಹದಿನಾರು ವರ್ಷ ಮೈನ್ಸ್‌ನ ಟೈಮ್ ಆಫೀಸಿನಲ್ಲಿ ಕೆಲಸಗಾರರ ಹಾಜರಿ ಬರೆದ ಕೈ ಅದು.

ಒಂಬತ್ತನೆಯ ಮೊಳೆ ಖಾಲಿ.

ಗಣಿ ನಡೆಯುತ್ತಿದ್ದ ಕಾಲದಲ್ಲಿ ಒಂದು ಪದ್ಧತಿ ಇತ್ತು. ಕೆಳಗಿಳಿಯುವ ಪ್ರತಿಯೊಬ್ಬನಿಗೂ ಒಂದು ನಂಬರಿನ ಬಿಲ್ಲೆ. ಇಳಿಯುವಾಗ ಟೈಮ್ ಆಫೀಸಿನ ಹಲಗೆಯಿಂದ ಅದನ್ನು ತೆಗೆದು ಜೇಬಿನಲ್ಲಿಟ್ಟುಕೊಳ್ಳಬೇಕು. ಮೇಲೆ ಬಂದ ಮೇಲೆ ತನ್ನ ಕೈಯಿಂದಲೇ ಅದೇ ಮೊಳೆಗೆ ಹಾಕಬೇಕು. ಪಾಳಿ ಮುಗಿದಾಗ ಯಾವುದಾದರೂ ಮೊಳೆ ಖಾಲಿ ಇದ್ದರೆ ಒಬ್ಬ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದು ಲೆಕ್ಕ. ಅವನು ಸಿಗುವ ತನಕ ಹುಡುಕಬೇಕು. ಎಲ್ಲ ಮೊಳೆ ತುಂಬಿದ್ದರೆ ಎಲ್ಲರೂ ಬಂದ ಹಾಗೆ, ಬೀಗ ಹಾಕಿ ಮನೆಗೆ ಹೋಗಬಹುದು. ಆದ್ದರಿಂದ ಒಬ್ಬನ ಬಿಲ್ಲೆಯನ್ನು ಇನ್ನೊಬ್ಬ ಹಾಕಬಾರದು. ಅಣ್ಣನದನ್ನು ತಮ್ಮನೂ ಹಾಕಬಾರದು. ಈ ಒಂದು ರೂಲನ್ನು ಮುರಿದವರು ಇರಲಿಲ್ಲ ಎಂದೇ ಎಲ್ಲರ ನಂಬಿಕೆ.

ಒಬ್ಬ ಮುರಿದಿದ್ದ. ಅವನು ಚಲಪತಿ. ಅದು ಅವನೊಬ್ಬನಿಗೇ ಗೊತ್ತಿತ್ತು.

ಮೂವತ್ತಾರು ವರ್ಷದ ಹಿಂದಿನ ಮಾತು. ಆ ದಿನ ಮಧ್ಯಾಹ್ನ ಮೂರೂಮುಕ್ಕಾಲರ ರೈಲಿಗೆ ಅವನು ಬಂಗಾರಪೇಟೆಗೆ ಹೆಣ್ಣು ನೋಡಲು ಹೋಗಬೇಕಿತ್ತು. ಇಸ್ತ್ರಿ ಮಾಡಿದ ಅಂಗಿ ಟೈಮ್ ಆಫೀಸಿನ ಗೂಟದಲ್ಲೇ ಕಾಯುತ್ತಿತ್ತು. ಪಾಳಿ ಮುಗಿದು ಜನ ನುಗ್ಗಿದರು, ಬಿಲ್ಲೆಗಳು ಮೊಳೆ ಸೇರಿದವು, ಜನ ಕರಗಿದರು. ಹಲಗೆಯಲ್ಲಿ ನಾನೂರ ಹದಿನೇಳು ಮಾತ್ರ ಖಾಲಿ ಉಳಿಯಿತು. ಅದು ಅವನ ಗೆಳೆಯ ಮುನೀಂದ್ರನದು. ಅಷ್ಟರಲ್ಲಿ ಎರಡನೆಯ ಕಿಟಕಿಯ ಕಟ್ಟೆಯ ಮೇಲೆ ಕೆಸರು ಮೆತ್ತಿದ ಬಿಲ್ಲೆಯೊಂದು ಕಂಡಿತು: ನಾನೂರ ಹದಿನೇಳು. ಏನೋ ಅವಸರಕ್ಕೆ ಬಿಸಾಕಿ ಓಡಿದ್ದಾನೆ, ಎಂದುಕೊಂಡ ಚಲಪತಿ. ಪಂಚೆಗೆ ಒರೆಸಿ ತಾನೇ ಮೊಳೆಗೆ ಹಾಕಿದ. ಅಂಗಿ ಬದಲಿಸಿ ರೈಲು ಹಿಡಿದ.

ಮುನೀಂದ್ರ ಬಿಸಾಕಿರಲಿಲ್ಲ. ಬೆಳಿಗ್ಗೆ ಜನರನ್ನು ಕೆಳಗಿಳಿಸುವ ಕೇಜಿನ ನೂಕುನುಗ್ಗಲಿನಲ್ಲಿ ಅವನ ಹರಿದ ಜೇಬಿನಿಂದ ಬಿಲ್ಲೆ ಬಿದ್ದಿತ್ತು. ಯಾರೋ ಪುಣ್ಯಾತ್ಮರು ಎತ್ತಿ ಕಟ್ಟೆಯ ಮೇಲಿಟ್ಟಿದ್ದರು. ಮುನೀಂದ್ರ ಆಗ ಕೆಳಗೆ ಕುಸಿದ ಬಂಡೆಯ ಹಿಂದೆ ಒಬ್ಬನೇ ಇದ್ದ, ಎಡಗಾಲು ಕಲ್ಲಿನಡಿ. ಜೊತೆಯವರು ಅವನು ಮುಂಚೆಯೇ ಮೇಲೆ ಬಂದಿರಬೇಕೆಂದು ತಿರುಗಿ ಬಂದು ಹಲಗೆ ನೋಡಿದರು. ಬಿಲ್ಲೆ ಇತ್ತು. ಸಮಾಧಾನವಾಗಿ ಮನೆಗೆ ಹೋದರು. ಬೆಳಗಿನ ಜಾವ ಅವನ ಹೆಂಡತಿ ಪಾಪಕ್ಕ ಬಂದು ಗಂಡ ಮನೆಗೆ ಬಂದಿಲ್ಲ ಎಂದಳು. ಎಲ್ಲರೂ ಅವಳಿಗೆ ಹಲಗೆ ತೋರಿಸಿ, ಮೇಲೆ ಬಂದವನು ಇನ್ನೆಲ್ಲಿಗೆ ಹೋಗಿದ್ದಾನೋ ನೀನೇ ಯೋಚನೆ ಮಾಡಮ್ಮ ಎಂದು ನಕ್ಕರು. ಪಾಪಕ್ಕ ಯೋಚನೆ ಮಾಡಲಿಲ್ಲ. ಗಣಿಗಿಳಿಯುವ ಶಾಫ್ಟಿನ ಬಾಯಲ್ಲಿ ನಿಂತು ಕಿರುಚಿದಳು. ಆ ಕಿರುಚಾಟ ತಡೆಯಲಾರದೆ ಜನ ಕೆಳಗಿಳಿದರು.

ಬಂಡೆ ಕುಸಿದ ಹದಿನೆಂಟು ಗಂಟೆಯ ನಂತರ ಮುನೀಂದ್ರ ಜೀವಂತ ಮೇಲೆ ಬಂದ. ಎಡಗಾಲಿನ ಎರಡು ಬೆರಳು ಕೆಳಗೇ ಉಳಿದವು. ಸ್ಟ್ರೆಚರ್ ಮೇಲೆ ಮಲಗಿ ಜೇಬು ತಡಕಿ, "ನನ್ ಬಿಲ್ಲೆ ಎಲ್ಲಿ?" ಎಂದ.

"ಮೊಳೆ ಮೇಲೈತೆ," ಎಂದರು ಯಾರೋ.

"ನಾನು ಕೆಳಗಿದ್ದೆ. ಬಿಲ್ಲೆ ಎಂಗೆ ಮೇಲೆ ಬಂತು?"

ಮುನೀಂದ್ರನೇ ಎರಡೂ ಕೈ ಎತ್ತಿ, "ತಾಯೀ!" ಎಂದ. ಸುತ್ತ ನಿಂತ ಮುನ್ನೂರು ಜನವೂ "ತಾಯೀ!" ಎಂದರು. ಆಗ ತಾನೇ ಬಂಗಾರಪೇಟೆಯಿಂದ ಬಂದಿಳಿದು ಗುಂಪಿನ ಹಿಂದೆ ನಿಂತಿದ್ದ ಚಲಪತಿ ಹೇಳಲು ಬಾಯಿ ತೆರೆದಿದ್ದ. ಆ ತೆರೆದ ಬಾಯಿಂದಲೂ ಅದೇ ಮಾತು ಬಂತು.

ಹೀಗೆ ಮುನೀಂದ್ರ ದೊಡ್ಡ ಮನುಷ್ಯನಾದ. ಮಾರಮ್ಮ ತಾನೇ ಬಿಲ್ಲೆಯನ್ನು ಮೊಳೆಗೆ ಹಾಕಿ, ಇವನು ಬರುತ್ತಾನೆ ಎಂದು ಮುಂಗಡ ಸೂಚನೆ ಕೊಟ್ಟಳು ಎಂಬುದು ಪಕ್ಕದ ಗಣಿ ಊರುಗಳಾದ ಉರಿಗಾಂ, ಕೋರಮಂಡಲ್‌ವರೆಗೂ ಹರಡಿತು. ನಾನೂರ ಹದಿನೇಳು ಅವನ ಮನೆಯ ಗೋಡೆಗೂಡಿನಲ್ಲಿ ಅರಿಶಿನ ಕುಂಕುಮ ಹಚ್ಚಿಕೊಂಡು ಕೂತಿತು. ಗಣಿ ಮುಚ್ಚಿದ ಮೇಲೆ ಊರಿಗೆ ಊರೇ ಬೆಂಗಳೂರಿಗೆ ರೈಲಿನಲ್ಲಿ ಓಡಾಡತೊಡಗಿತಲ್ಲ, ಆಗ ಅದರ ಮಹಿಮೆ ಇನ್ನೂ ಹೆಚ್ಚಿತು. ಹೊಸ ಕೆಲಸಕ್ಕೆ ಹೊರಟವರು, ಪರೀಕ್ಷೆಗೆ, ಆಪರೇಷನ್ನಿಗೆ ಹೊರಟವರು ಮಂಗಳವಾರ ಬಂದು ಬಿಲ್ಲೆ ಮುಟ್ಟಿ ಹೋಗುತ್ತಾರೆ, ಕ್ಷೇಮವಾಗಿ ವಾಪಸು ಬರಲೆಂದು. ಮುನೀಂದ್ರ ಕಾಸು ಮುಟ್ಟುವುದಿಲ್ಲ, ತೆಂಗಿನಕಾಯಿ ಮಾತ್ರ. ಬುಧವಾರ ಆ ಇಡೀ ಸಾಲಿನ ಮನೆಗಳಲ್ಲಿ ಕಾಯಿ ಚಟ್ನಿ.

ಇಂಥ ಮನುಷ್ಯನಿಗೆ ಚಲಪತಿ ಏನೆಂದು ಹೇಳುವುದು? ಮೊದಲ ವಾರ ಹೆದರಿಕೆಯಿಂದ ಹೇಳಲಿಲ್ಲ. ಮೊದಲ ವರ್ಷ ಅವನ ಕಾಲು ವಾಸಿಯಾಗಲಿ ಎಂದು ಹೇಳಲಿಲ್ಲ. ಆಮೇಲೆ ಹೇಳಿದರೆ ಗೆಳೆಯನ ದೇವರನ್ನೇ ಕಿತ್ತುಕೊಂಡಂತೆ ಆಗುತ್ತಿತ್ತು. ಆ ದಿನ ಬಂಗಾರಪೇಟೆಗೆ ಹೋಗಿ ಬೋಂಡ ತಿಂದು ನೋಡಿ ಬಂದಿದ್ದ ಹುಡುಗಿ ರಾಧಳನ್ನೇ ಚಲಪತಿ ಮದುವೆಯಾದ. ಮದುವೆಯಲ್ಲಿ ಊರುಗೋಲು ಹಿಡಿದು ಕುಣಿದವನು ಮುನೀಂದ್ರ.

ಮಾತಿನ ಗೀಳು ಹತ್ತಿದ್ದು ಗಣಿ ಮುಚ್ಚಿದ ಮೇಲೆ. ಬೆಂಗಳೂರಿನಲ್ಲಿ ಯೂರೋಪಿನ ಭಾಷೆಗಳನ್ನು ಕಲಿಸುವ ಒಂದು ಸಂಸ್ಥೆಯಲ್ಲಿ ಚಲಪತಿಗೆ ಅಟೆಂಡರ್ ಕೆಲಸ ಸಿಕ್ಕಿತು. ನಸುಕಿಗೆ ಮಾರಿಕುಪ್ಪಂ ರೈಲು ಹತ್ತಿ, ಬಂಗಾರಪೇಟೆ ದಾಟಿ, ಸೀಟು ಸಿಕ್ಕರೆ ಪುಣ್ಯ ಎಂಬಂತೆ ಹೋಗಿ, ಕ್ಲಾಸುಗಳ ಬೋರ್ಡು ಒರೆಸುವುದು, ಕಾಫಿ ಕೊಡುವುದು. ಒಂದು ದಿನ ಜರ್ಮನ್ ಬೋರ್ಡಿನ ಮೇಲೆ ತನಗೆ ಗೊತ್ತಿರುವ 'ಮೈನ್' ಎಂಬ ಮಾತು ಕಂಡು ಡಸ್ಟರ್ ಹಿಡಿದ ಕೈ ನಿಂತಿತು. ಜರ್ಮನ್ ಮೇಡಂ ನಕ್ಕು ತಮ್ಮ ಪೆನ್ನು ಬಿಚ್ಚಿ ಒಳಗಿನ ರೀಫಿಲ್ಲನ್ನು ಎತ್ತಿ ತೋರಿಸಿದರು. ಅವರ ಭಾಷೆಯಲ್ಲಿ 'ಮೀನೆ' ಎಂದರೆ ಗಣಿ, ಸಿಡಿಗುಂಡು, ಈ ರೀಫಿಲ್ಲು ಕೂಡ. ಚಲಪತಿ ಆ ರೀಫಿಲ್ಲನ್ನೇ ನೋಡಿದ. ಎರಡು ಮೈಲಿ ಆಳದ ಶಾಫ್ಟು ನಾಲ್ಕು ಇಂಚಿಗೆ ಇಳಿದಿತ್ತು. ಅದರಲ್ಲೂ ಮುಕ್ಕಾಲು ಖಾಲಿ.

"ಈ ಮಾತು ಗಂಡಾ ಹೆಣ್ಣಾ ಮೇಡಂ?" ಎಂದು ಕೇಳಿದ. ಅಲ್ಲಿ ಎಲ್ಲರೂ ಇದನ್ನೇ ಕೇಳುವುದನ್ನು ಬಾಗಿಲ ಬಳಿ ನಿಂತು ಕಲಿತಿದ್ದ.

"ಹೆಣ್ಣು."

ಫ್ರೆಂಚ್ ಮೇಷ್ಟ್ರನ್ನು ಕೇಳಿದ. ಅಲ್ಲಿ 'ಮೀನ್', ಅದೂ ಹೆಣ್ಣೇ. ಗಣಿ, ಪೆನ್ಸಿಲ್ಲಿನ ಕಡ್ಡಿ, ಸಿಡಿಗುಂಡು, ಜೊತೆಗೆ ಮುಖದ ಕಳೆ ಎಂಬ ಅರ್ಥ ಬೇರೆ. ಇಟಲಿಯಾಕೆ, ಕಡ್ಡಿಗೂ ಗುಂಡಿಗೂ 'ಮೀನಾ', ಚಿನ್ನ ಅಗೆಯುವ ಗಣಿಗೆ 'ಮಿನಿಯೇರಾ', ಎರಡೂ ಹೆಣ್ಣು ಎಂದಳು. ಸ್ಪ್ಯಾನಿಷ್ ಮೇಷ್ಟ್ರು ಬಾಗಿಲು ಮುಂದೆ ಮಾಡಿ, ಅರ್ಜೆಂಟೀನಾದಲ್ಲಿ ಪೋಲಿಗಳು ಹುಡುಗಿಯರನ್ನೂ ಹಾಗೇ ಕರೆಯುತ್ತಾರೆ, ಚೀಟಿಯಲ್ಲಿ ಬರೀಬೇಡ ಎಂದರು. ಚಲಪತಿ ಬರೆದ. ಪೋರ್ಚುಗಲ್ಲಿನವರು ಬೆಟ್ಟದಿಂದ ನೀರು ಒಸರುವ ಒರತೆಗೂ ಅದೇ ಮಾತು ಬಳಸುತ್ತಾರೆಂದು ತಿಳಿದ ದಿನ ರೈಲಿನಲ್ಲಿ ಕಿಟಕಿಯ ಹೊರಗೇ ನೋಡುತ್ತ ಬಂದ. ಡಚ್ಚರು ಹೆಣ್ಣು ಗಂಡು ಬೇರೆ ಮಾಡುವ ಗೋಜನ್ನೇ ಬಿಟ್ಟಿದ್ದರು. ಇಷ್ಟು ಜನ ಅವಳು ಎನ್ನುವುದನ್ನು ನಾವು ಅದು ಎನ್ನುತ್ತೇವಲ್ಲ ಎಂದು ಅವನಿಗೆ ಸ್ವಲ್ಪ ದಿನ ಬೇಸರವಾಗಿತ್ತು.

ಗಣಿಯ ಗುಜರಿಯಿಂದ ಹಿಂದೆಯೇ ತಂದಿಟ್ಟಿದ್ದ ಹಲಗೆಯ ತುಂಡೊಂದನ್ನು ಸಂಸ್ಥೆಯ ಅಡುಗೆಕೋಣೆಯಲ್ಲಿ ಗ್ಯಾಸ್ ಸ್ಟವ್ ಪಕ್ಕ ನೇತುಹಾಕಿದ. ರೂಲು ಅದೇ: ಆ ಭಾಷೆ ಯಾರ ತಾಯಿಮಾತೋ ಅವರೇ ಬಂದು, ಅರ್ಥ ಹೇಳಿ, ತಮ್ಮ ಕೈಯಾರೆ ಬಿಲ್ಲೆ ಹಾಕಬೇಕು. ಪುಸ್ತಕದಲ್ಲಿ ಇದ್ದರೆ ಸಾಲದು. ಯಾಕಪ್ಪ ಇಷ್ಟು ಬಿಗಿ ಎಂದು ಕೇಳಿದವರಿಗೆ, "ಅದು ರೂಲು ಸಾರ್," ಎನ್ನುತ್ತಿದ್ದ. ಈ ಕಟ್ಟುನಿಟ್ಟಿನಿಂದಾಗಿ, ಎಲ್ಲರೂ ಇಂಗ್ಲಿಷ್ ಮಾತಾಡುವ ಆ ಕಟ್ಟಡದಲ್ಲಿ ಇಂಗ್ಲಿಷ್ ಬಿಲ್ಲೆಯೇ ಇಪ್ಪತ್ತು ವರ್ಷ ಕೆಳಗೆ ಉಳಿಯಿತು. ಕೊನೆಗೆ ರಿಟೈರಾಗಿ ಹಲಗೆಯನ್ನು ದುಪ್ಪಟಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬರುವಾಗ, ಎದುರು ಸೀಟಿನಲ್ಲಿದ್ದ ಕೋರಮಂಡಲ್‌ನ ಆಂಗ್ಲೋ-ಇಂಡಿಯನ್ ನರ್ಸಮ್ಮ ರೈಲಿನಲ್ಲೇ ಅದನ್ನು ಹಾಕಿದರು. 'ಮೈನ್' ಎಂದರೆ 'ನನ್ನದು' ಎಂತಲೂ ಆಗುತ್ತೆ, ಗೊತ್ತಾ ಎಂದರು. ಅದನ್ನು ಇಪ್ಪತ್ತು ವರ್ಷದಲ್ಲಿ ನೂರು ಜನ ಹೇಳಿದ್ದರು, ಪ್ರತಿಯೊಬ್ಬರೂ ತಾವೇ ಮೊದಲು ಕಂಡುಹಿಡಿದವರಂತೆ. ಚಲಪತಿ, "ಓಹೋ, ಔದಾ!" ಎಂದ.

ಉಳಿದದ್ದು ಪೋಲಿಷ್. ಅಲ್ಲಿ 'ಮೀನಾ' ಎಂದರೆ ಮುಖಭಾವ, ಮತ್ತೆ ಸಿಡಿಗುಂಡು, ಗಣಿಗೆ ಬೇರೆ ಮಾತು, ಹೆಣ್ಣು, ಹಲವಾದರೆ 'ಮೀನಿ'. ಇದೆಲ್ಲ ನಿಘಂಟಿನಲ್ಲಿ ಸಿಕ್ಕಿತ್ತು, ಬಿಲ್ಲೆಯೂ ಸಿದ್ಧವಾಗಿ ಡಬ್ಬಿಯಲ್ಲಿತ್ತು. ಪೋಲೆಂಡಿನ ಮನುಷ್ಯ ಸಿಕ್ಕಿರಲಿಲ್ಲ. ಒಬ್ಬಳು ಬರುವವಳಿದ್ದಳು, ಕೊರೋನಾ ಬಂತು. ಈಗ ಮೈಸೂರು ಮೈನ್ಸ್‌ನ ಸಾಲುಮನೆಗೆ ಪೋಲೆಂಡಿನವರು ಯಾಕೆ ಬರುತ್ತಾರೆ?

ಚಲಪತಿಯ ಮಗಳು ಶ್ಯಾಮಲಾ ಬಂಗಾರಪೇಟೆಯ ಹೈಸ್ಕೂಲೊಂದರಲ್ಲಿ ಟೀಚರ್. ಮೊನ್ನೆ ನವೆಂಬರಿನಲ್ಲಿ ಅವರ ಶಾಲೆಯಲ್ಲಿ ಭಾಷೆಗಳ ವಸ್ತುಪ್ರದರ್ಶನ ಇಟ್ಟರು. ಅಪ್ಪನ ಹಲಗೆಯನ್ನು ಇಡಬೇಕೆಂದು ಅವಳಿಗೆ ಬಹಳ ಆಸೆ. ಗುರುವಾರ ಬೆಳಿಗ್ಗೆ ಬಂದು ಜಗಲಿಯಲ್ಲಿ ಕೂತಳು. ಮುನೀಂದ್ರ ಎಂದಿನಂತೆ ಅಲ್ಲೇ ಕಾಫಿ ಲೋಟ ಹಿಡಿದು ಕೂತಿದ್ದ.

"ಅಪ್ಪಾ, ನಮ್ಮ ಹೆಡ್ಮಾಸ್ಟ್ರು ಆ ಖಾಲಿ ಮೊಳೆ ಕಿತ್ತುಹಾಕಿ ಅಂತಾರೆ. ಶನಿವಾರ ಶಿಕ್ಷಣ ಇಲಾಖೆ ಆಫೀಸರು ಬರ್ತಾರಂತೆ. ಅರ್ಧಂಬರ್ಧ ಇಟ್ಟಿದ್ದೀರಿ ಅಂತಾರಂತೆ."

"ಕೀಳಕ್ಕಾಗಲ್ಲಮ್ಮ. ಕಿತ್ರೆ ಒಬ್ಬ ಇದ್ದಾನೆ ಅನ್ನೋದೇ ಗೊತ್ತಾಗಲ್ಲ."

"ಹಾಗಾದ್ರೆ ಬಿಲ್ಲೆನಾದ್ರೂ ಹಾಕಿ. ಅರ್ಥ ಎಲ್ಲಾ ಸರಿಯಾಗೇ ಇದೆಯಲ್ಲಪ್ಪ. ನಾನು ಫೋನಲ್ಲೂ ನೋಡಿದ್ದೀನಿ."

"ರೂಲು ರೂಲೇ."

"ಇವನ ರೂಲಿಗೆ ಬೆಂಕಿ ಬೀಳ," ಎಂದ ಮುನೀಂದ್ರ. "ಮಗಳೇ, ನಿಮ್ಮಪ್ಪ ಫ್ರೆಂಚ್ನೋರು ಗಣಿಗೆ ಮೀನು ಅಂತಾರೆ ಅಂತ ಮೊದಲನೇ ಸಲ ಏಳಿದಾಗ, ನಿಮ್ ದೊಡ್ಡಮ್ಮ ಮಸಾಲೆ ಅರ್ದು ಕೂತಿದ್ಲು."

ಶ್ಯಾಮಲಾ ನಗಲಿಲ್ಲ. "ಬಿಡಿ ದೊಡ್ಡಪ್ಪ, ನಾನು ಬೇರೆ ಏನಾದ್ರೂ ಇಡ್ತೀನಿ," ಎಂದು ಬ್ಯಾಗು ಎತ್ತಿಕೊಂಡು ಸ್ಕೂಲಿಗೆ ಹೋದಳು. ಅವಳ ಮುಖ ಸಣ್ಣದಾಗಿದ್ದನ್ನು ಇಬ್ಬರೂ ನೋಡಿದರು.

ಚಲಪತಿ ಸೊಪ್ಪು ತರಲು ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿಗೆ ಹೋದ. ವಾಪಸು ಬಂದು ಚೀಲ ಇಟ್ಟು ಗೋಡೆ ನೋಡಿದರೆ ಒಂಬತ್ತನೆಯ ಮೊಳೆ ತುಂಬಿತ್ತು. ಪೋಲಿಷ್ ಬಿಲ್ಲೆ ಇನ್ನೂ ಸಣ್ಣಗೆ ತೂಗುತ್ತಿತ್ತು.

"ಯಾರು ಹಾಕಿದ್ದು ಇದನ್ನ?"

"ಪೋಲೆಂಡಿನೋರು ಬಂದಿದ್ರಪ್ಪ," ಎಂದ ಮುನೀಂದ್ರ ಜಗಲಿಯಿಂದ. "ನೀನಿರ್ಲಿಲ್ಲ. ಒಂದ್ ಲೋಟ ಕಾಫಿ ಕುಡ್ದು ಓದ್ರು. ಒಳ್ಳೇ ಜನ."

ಅಡುಗೆಮನೆಯಲ್ಲಿ ರಾಧ ನಕ್ಕಳು.

"ಅಣ್ಣಾ, ತಮಾಷೆ ಬ್ಯಾಡ."

"ನಾನೇ ಆಕ್ದೆ ಕಣ್ಲಾ, ಏನೀಗ? ಆ ಉಡುಗಿ ಮುಖ ನೋಡಕ್ಕಾಗ್ಲಿಲ್ಲ. ಒಂದು ಬಿಲ್ಲೆ ಆಕಿದ್ರೆ ಯಾರ ಗಂಟು ಓಗ್ತದೆ?"

"ಒಬ್ಬರ ಬಿಲ್ಲೆ ಇನ್ನೊಬ್ಬರು ಮುಟ್ಟಬಾರ್ದು. ನಿನಗೇ ಗೊತ್ತಿಲ್ವಾ?"

"ಅಯ್ಯೋ ಸಾಮಿ! ಮೈನು ಮುಚ್ಚಿ ಇಪ್ಪತ್ನಾಕು ವರ್ಸ ಆಯ್ತು. ನಿನ್ ಪೋಲೆಂಡಿನೋನು ಯಾವ ಶಾಫ್ಟ್‌ನಾಗೆ ಸಿಕ್ಕಾಕ್ಕೊಂಡವ್ನೆ ಈಗ?"

"ಸಿಕ್ಕಾಕ್ಕೊಂಡಿದ್ರೆ?" ಚಲಪತಿಯ ದನಿ ಏರಿತು. "ಮೊಳೆ ಮ್ಯಾಲೆ ಬಿಲ್ಲೆ ಕಂಡ್ರೆ ಯಾರೂ ಉಡುಕಕ್ಕೆ ಓಗಲ್ಲ ಅಣ್ಣಾ. ಬಾಗ್ಲು ಆಕ್ಕೊಂಡು ಮನೆಗೆ ಓಗ್ತಾರೆ. ಇನ್ನ ಯಾರ ಕಿವಿಗೆ ಬೀಳ್ತದೆ ಅವನು ಕೂಗಿದ್ದು?"

"ನಂದೂ ಮೊಳೆ ಮ್ಯಾಲೇ ಇತ್ತಲ್ಲ. ನಾನು ಬರಲಿಲ್ವಾ? ತಾಯಿ ಆಕಿದ್ಲು, ತಾಯೇ ಕರ್ಕೊಂಡು ಬಂದ್ಲು. ಅಂಗೇ ಇದೂ ಅಂದ್ಕೋ."

"ತಾಯಿ ಅಲ್ಲ," ಎಂದ ಚಲಪತಿ. "ನಾನು."

ಹೇಳಿಬಿಟ್ಟ ಮೇಲೆ ಅವನು ಕೆಳಗೆ ಕೂತ. ಮಿಕ್ಕಿದ್ದನ್ನು ನೆಲ ನೋಡುತ್ತ ಹೇಳಿದ: ಕಿಟಕಿಯ ಕಟ್ಟೆ, ಕೆಸರು, ಪಂಚೆಗೆ ಒರೆಸಿದ್ದು, ರೈಲು. ಹೇಳಲು ಎರಡು ನಿಮಿಷ ಕೂಡ ಹಿಡಿಯಲಿಲ್ಲ. ಇಷ್ಟು ಸಣ್ಣ ವಿಷಯವಾ ಎಂದು ಹೇಳುತ್ತಿದ್ದವನಿಗೇ ಅನ್ನಿಸಿತು.

ಹಳೆಯ ಕೆಲಸಗಾರರು ಅಪಘಾತದ ವಿಷಯ ಕೇಳುವಂತೆ ಮುನೀಂದ್ರ ಒಂದೊಂದೇ ಕೇಳಿದ.

"ಯಾವ ಕಿಟಕಿ?"

"ಎರಡನೇದು."

"ಎಷ್ಟೊತ್ತಾಗಿತ್ತು?"

"ಮೂರು ಗಂಟೆ ಅತ್ತು ನಿಮ್ಷ."

"ನಾನು ಆಗ ಕಲ್ಲಿಂದ ಕಲ್ಲಿಗೆ ಒಡೀತಿದ್ದೆ, ಯಾರಿಗಾದ್ರೂ ಕೇಳಿಸ್ಲಿ ಅಂತ." ಅವನು ಮಂಡಿ ಉಜ್ಜಿಕೊಂಡ. "ನೀನು ಬಂಗಾರಪೇಟೆನಾಗೆ ಏನ್ ತಿಂದೆ?"

"ಬೋಂಡ. ಕೇಸರಿಬಾತು."

ಒಳಗೆ ಪಾತ್ರೆಯ ಸದ್ದು ನಿಂತಿತು.

"ಚೆನ್ನಾಗಿತ್ತಾ?"

ಚಲಪತಿ ಸುಳ್ಳು ಹೇಳಬಹುದಿತ್ತು. ಒಂದು ಸುಳ್ಳನ್ನು ಮೂವತ್ತಾರು ವರ್ಷ ಸಾಕಿದವನಿಗೆ ಇನ್ನೊಂದಕ್ಕೆ ತಾಕತ್ತು ಉಳಿದಿರಲಿಲ್ಲ. "ಎರಡನೇ ಸಲ ಆಕಿಸ್ಕೊಂಡೆ," ಎಂದ.

ಮುನೀಂದ್ರ ಕೋಲು ಊರಿ ಎದ್ದ. ಒಳಗೆ ಬಂದು ಒಂಬತ್ತನೆಯ ಮೊಳೆಯಿಂದ ಬಿಲ್ಲೆ ತೆಗೆದ. ಅದನ್ನು ಚಲಪತಿಯ ಅಂಗೈಯಲ್ಲಿಟ್ಟು ಬೆರಳುಗಳನ್ನು ತಾನೇ ಮಡಚಿದ. ಕುಂಟುತ್ತ ಮನೆಗೆ ಹೋದ.

ರಾಧ ಬಾಗಿಲಿಗೆ ಬಂದು ನಿಂತಳು. "ಅದಕ್ಕಾ ನೀವು ನಮ್ಮಮ್ಮ ಮಾಡಿದ ಕೇಸರಿಬಾತು ಒಂದಿನಾನೂ ಮುಟ್ಟಲಿಲ್ಲ? ಅವ್ರು ಸಾಯೋ ತನಕ ಕೇಳ್ತಿದ್ರು, ಅಳಿಯಂದ್ರಿಗೆ ನಾನೇನು ಅನ್ಯಾಯ ಮಾಡ್ದೆ ಅಂತ."

ಒಂದು ಬಿಲ್ಲೆ ಎಷ್ಟು ಜನರ ಮೇಲೆ ಬಿದ್ದಿತ್ತೆಂದು ಚಲಪತಿ ಅಂದೇ ಪೂರ್ತಿ ತಿಳಿದದ್ದು.

ಶುಕ್ರವಾರ ಮುನೀಂದ್ರ ಕಾಫಿಗೆ ಬರಲಿಲ್ಲ. ರಾಧ ಅವನ ಲೋಟ ತೊಳೆದು ಕವುಚಿಟ್ಟಳು. ಸಂಜೆ ಶ್ಯಾಮಲಾ ಬಂದಾಗ ಅವಳಿಗೂ ವಿಷಯ ಗೊತ್ತಾಯಿತು. ಒಂದು ಚೀಟಿ ತೆಗೆದುಕೊಂಡು, 'ಪೋಲಿಷ್: ಇನ್ನೂ ಮೇಲೆ ಬಂದಿಲ್ಲ' ಎಂದು ಬರೆದು ಖಾಲಿ ಮೊಳೆಯ ಕೆಳಗೆ ಅಂಟಿಸಿದಳು. ಹೆಡ್ಮಾಸ್ಟರರನ್ನು ಅವಳು ಹೇಗೆ ಒಪ್ಪಿಸಿದಳೋ, ಶನಿವಾರ ಹಲಗೆ ಶಾಲೆಯ ಹಾಲಿನ ಮೂಲೆಯಲ್ಲಿ ನೇತಾಡಿತು. ಅಪ್ಪ ಇಸ್ತ್ರಿ ಅಂಗಿ ಹಾಕಿ ಪಕ್ಕ ನಿಂತ.

ಆಫೀಸರು ಬಂದರು. ಎಂಟು ಭಾಷೆಗಳನ್ನು ನೋಡಿ ಕತ್ತು ಆಡಿಸುತ್ತ ಮುಂದೆ ಸಾಗಿದರು. ಒಂಬತ್ತನೆಯದರ ಮುಂದೆ ನಿಂತರು.

"ಇದು ಯಾಕೆ ಖಾಲಿ?"

"ಉಡುಕ್ತಾ ಇದ್ದೀವಿ ಸಾರ್," ಎಂದ ಚಲಪತಿ.

ಅವರು ಬೇರೆಲ್ಲ ನೋಡಿ ಮುಗಿಸಿ ಹೊರಡುವ ಮುಂಚೆ ಇನ್ನೊಮ್ಮೆ ಬಂದು ಆ ಮೊಳೆ ನೋಡಿ ಹೋದರು. ಬಹುಮಾನ ಥರ್ಮಾಕೋಲ್‌ನಲ್ಲಿ ಮಾಡಿದ ಐಫೆಲ್ ಗೋಪುರಕ್ಕೆ ಬಂತು. ಅದರಲ್ಲಿ ಭಾಷೆ ಎಲ್ಲಿತ್ತೆಂದು ಯಾರೂ ಕೇಳಲಿಲ್ಲ.

ಭಾನುವಾರ, ಸೋಮವಾರ ಲೋಟ ಕವುಚಿಯೇ ಇತ್ತು. ಮಂಗಳವಾರ ಬೆಳಿಗ್ಗೆ ಚಲಪತಿ ಸ್ನಾನ ಮಾಡಿ, ಒಂದು ತೆಂಗಿನಕಾಯಿ ಹಿಡಿದು, ಎಂಟು ಮನೆ ಆಚೆಗಿನ ಮುನೀಂದ್ರನ ಮನೆಗೆ ಹೋದ. ಅಲ್ಲಿ ಆಗಲೇ ಏಳೆಂಟು ಜನ ಸಾಲು ನಿಂತಿದ್ದರು. ಮುನೀಂದ್ರನ ಗೋಡೆಗೂಡು ಇನ್ನು ಇರುತ್ತದೋ ಇಲ್ಲವೋ ಎಂಬ ಹೆದರಿಕೆಯಲ್ಲೇ ಬಂದವನು, ಅರಿಶಿನ ಹಚ್ಚಿದ ನಾನೂರ ಹದಿನೇಳು ಅಲ್ಲೇ ಇರುವುದನ್ನು ಕಂಡ.

ಬಾಗಿಲಲ್ಲಿ ಕಾಯಿ ಒಡೆಯುತ್ತಿದ್ದ ಪಾಪಕ್ಕ ತಲೆ ಎತ್ತಿದಳು. "ಬಾಪ್ಪಾ, ಕೇಸರಿಬಾತು," ಎಂದಳು.

ಸಾಲಿನಲ್ಲಿದ್ದವರು ಪ್ರಸಾದವೆಂದು ತಿಳಿದು ಒಳಗೆ ಇಣುಕಿದರು. ಚಲಪತಿ ತಲೆ ತಗ್ಗಿಸಿ ಸಾಲಿನ ಕೊನೆಗೆ ನಿಂತ. ಅವನ ಸರದಿ ಬಂದಾಗ ಗೂಡಿನ ಕಡೆ ಕೈ ಚಾಚಿದ.

"ನೀನು ಮುಟ್ಟಬ್ಯಾಡ," ಎಂದ ಮುನೀಂದ್ರ. "ಒಂದ್ಸಲ ಮುಟ್ಟಿದ್ದೇ ಸಾಕು. ಅಲ್ಲಿ ಕೂತ್ಕೋ."

ಚಲಪತಿ ಗೋಡೆಗೆ ಒರಗಿ ಕೂತ. ಅವನ ಹಿಂದೆಯೇ ಸುಮಲತ ಎಂಬ ಹೆಂಗಸು ಬಂದಳು. ನರಸಾಪುರದ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು, ನಾಳೆಯಿಂದ ಕಂಪನಿ ಬಸ್ಸು. ಮೊದಲ ಸಲ ಬಂದವಳಾದ್ದರಿಂದ ಮುನೀಂದ್ರ ಕತೆಯನ್ನು ಮೊದಲಿನಿಂದ ಹೇಳಿದ. ಚಲಪತಿ ನೂರಾರು ಸಲ ಕೇಳಿದ ಕತೆ. ಕೇಜು, ಬಂಡೆ, ಕತ್ತಲೆ, ಪಾಪಕ್ಕನ ಕೂಗು. ಮಾಮೂಲಾಗಿ ಮಾರಮ್ಮ ಬಂದು ಬಿಲ್ಲೆ ಹಾಕುವ ಜಾಗಕ್ಕೆ ಬಂದಾಗ ಚಲಪತಿ ಕಣ್ಣು ಮುಚ್ಚಿದ.

"ಆಮ್ಯಾಕೆ," ಎಂದ ಮುನೀಂದ್ರ, ನಿಧಾನವಾಗಿ, "ಯಾವುದೋ ಒಂದು ಕೈ ಅದನ್ನ ಮೊಳೆಗೆ ಆಕ್ತು. ಆ ಕೈಯಿಂದ್ಲೇ ನನ್ನ ಯಾರೂ ಉಡುಕ್ಲಿಲ್ಲ. ಇವ್ಳು ಬಂದು ಕಿರುಚಿದ್ಕೆ ನಾನು ಬದುಕ್ದೆ. ನೀನು ನಾಳೆ ಲೇಟಾದ್ರೆ ಮನೇನಾಗೆ ಯಾರು ಕಿರುಚ್ತಾರೆ, ನೋಡ್ಕೊಂಡು ಓಗು ತಾಯಿ."

ಸುಮಲತಳ ಕಣ್ಣು ಅಗಲವಾಯಿತು. ಅವಳು ಬಿಲ್ಲೆ ಮುಟ್ಟಿ ಕಣ್ಣಿಗೊತ್ತಿಕೊಂಡಳು, ಆಮೇಲೆ ತಿರುಗಿ ಪಾಪಕ್ಕನ ಕಾಲಿಗೂ ನಮಸ್ಕಾರ ಮಾಡಿದಳು. ಅಷ್ಟು ವರ್ಷದಲ್ಲಿ ಯಾರೂ ಹಾಗೆ ಮಾಡಿರಲಿಲ್ಲ. ಪಾಪಕ್ಕ ಒಡೆದ ಕಾಯಿ ಕೈಯಲ್ಲಿ ಹಿಡಿದು ಏನು ಮಾಡಬೇಕೋ ತಿಳಿಯದೆ ನಿಂತಳು.

"ಅದು ಯಾರ ಕೈ ಅಜ್ಜಾ?" ಎಂದಳು ಸುಮಲತ ಹೊರಡುವ ಮುಂಚೆ.

ಗೋಡೆಗೆ ಒರಗಿದ್ದ ಚಲಪತಿ ಎದ್ದು ನಿಲ್ಲಲು ನೆಲಕ್ಕೆ ಕೈ ಊರಿದ. ಮುನೀಂದ್ರ ಅವನ ಕಡೆ ಒಮ್ಮೆ ನೋಡಿ, ಕೋಲನ್ನು ಅವನ ಮೊಣಕಾಲಿಗೆ ಅಡ್ಡ ಇಟ್ಟ.

"ನಾನು ಕೆಳಗಿದ್ನಲ್ಲಮ್ಮಾ," ಎಂದ. "ನಂಗೆಂಗೆ ಗೊತ್ತಾಗ್ತದೆ?"